ಗುಡ್ಡದ ಮೇಲಿನ ಮೇಲ್ಮನೆ

ಅಮೆರಿಕದ ಕೆಂಟಕಿ ರಾಜ್ಯಕ್ಕೆ ರಾಜಧಾನಿ ಯಾವುದು ಎಂದು ಕೇಳಿದರೆ ಅಮೆರಿಕದವರೇ ಒಮ್ಮೆ ತಲೆ ಕೆರೆದುಕೊಳ್ಳುತ್ತಾರೆ. ಒಬ್ಬರು ಲೂಯಿವಿಲ್ ಎಂದರೆ ಇನ್ನೊಬ್ಬರು ಲೆಕ್ಸಿಂಗ್ಟನ್ ಎನ್ನುತ್ತಾರೆ. ಸರಿಯುತ್ತರ ಫ್ರಾಂಕ್‌ಫರ್ಟ್. ಜರ್ಮನಿಯ ಫ್ರಾಂಕ್‌ಫರ್ಟಿಗೂ ಇದಕ್ಕೂ ಇರುವುದು ಬಾದರಾಯಣ ಸಂಬಂಧ. ಕೆಂಟಕಿ ನದಿ ಹಾವಿನಂತೆ ಹೊರಳುವ ತಗ್ಗಿನಲ್ಲಿ ಕೂತಿರುವ, 28 ಸಾವಿರ ಚಿಲ್ಲರೆ ಜನರ ಊರು ಇದು. ಊರಿನ ಮುಖ್ಯ ಉತ್ಪನ್ನಗಳು ಎರಡು: ಬರ್ಬನ್ ವಿಸ್ಕಿ ಮತ್ತು ರಾಜಕಾರಣಿಗಳು. ಮೊದಲನೆಯದನ್ನು ಸುಟ್ಟ ಓಕ್ ಪೀಪಾಯಿಯಲ್ಲಿ ತುಂಬಿ ವರ್ಷಗಟ್ಟಲೆ ಇಟ್ಟರೆ ಘಾಟು ತಗ್ಗಿ ರುಚಿ ಏರುತ್ತದೆ. ಎರಡನೆಯವರನ್ನು ಮರದ ಪೆಟ್ಟಿಗೆಯಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟರೂ ಇದೇ ಪರಿಣಾಮವೆಂದು ಊರಿಗೆ 1844ರ ಸುಮಾರಿಗೆ ಹೊಳೆಯಿತು.

ಆ ವರ್ಷ ಮೇಸನ್ ಬ್ರೌನ್ ಎಂಬ ನ್ಯಾಯಾಧೀಶರು ಮುತುವರ್ಜಿ ವಹಿಸಿ ಊರಿನ ಮೇಲಿನ ಗುಡ್ಡದಲ್ಲಿ ಸ್ಮಶಾನವೊಂದನ್ನು ಶುರುಮಾಡಿದರು. ಬಾಸ್ಟನ್ ಬಳಿಯ ಮೌಂಟ್ ಆಬರ್ನ್ ಎಂಬ ಉದ್ಯಾನದಂಥ ಸ್ಮಶಾನವನ್ನು ನೋಡಿ ಬಂದವರು ಅವರು. ನಮ್ಮೂರಿಗೂ ಅಂಥದ್ದೊಂದು ಬೇಕು ಅನ್ನಿಸಿತು. ಸ್ಕಾಟ್ಲೆಂಡಿನಿಂದ ಬಂದ ರಾಬರ್ಟ್ ಕಾರ್‌ಮೈಕಲ್ ಎಂಬ ತೋಟಗಾರ ಮರ, ದಾರಿ, ತಿರುವುಗಳನ್ನು ಗೊತ್ತುಮಾಡಿದ. ಇವತ್ತು ಆ ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ನದಿ, ನದಿಯಾಚೆ 1910ರಲ್ಲಿ ಉದ್ಘಾಟನೆಯಾದ ಶಾಸನಸಭೆಯ ಗುಮ್ಮಟ. ಆ ಗುಮ್ಮಟದ ಕೆಳಗೆ ಎರಡು ಸದನಗಳಿವೆ. ನಿಜವಾದ ಮೇಲ್ಮನೆ ಮಾತ್ರ ಈ ಗುಡ್ಡದ ಮೇಲಿದೆ. 17 ಮಂದಿ ಗವರ್ನರುಗಳು, ಒಬ್ಬ ಉಪರಾಷ್ಟ್ರಪತಿ, ಸೆನೆಟರುಗಳು, ರಾಯಭಾರಿಗಳು, ಎರಡೂ ಪಕ್ಷದ ದಂಡನಾಯಕರು. ಕೋರಂ ಯಾವತ್ತೂ ಭರ್ತಿ. ಸಭಾತ್ಯಾಗ ಇಲ್ಲ. ಎಲ್ಲ ಸದಸ್ಯರೂ ಏಕಕಾಲಕ್ಕೆ ಬಾವಿಗಿಳಿದಿದ್ದರೂ ಗದ್ದಲವಿಲ್ಲದ ಸದನ ಭೂಮಿಯ ಮೇಲೆ, ಅಂದರೆ ಭೂಮಿಯ ಕೆಳಗೆ, ಇದೊಂದೇ ಇರಬೇಕು.

ಹೊಸ ಬಡಾವಣೆಯಲ್ಲಿ ನಿವೇಶನ ಮಾರುವವನಿಗೂ ಹೊಸ ಪಕ್ಷ ಕಟ್ಟುವವನಿಗೂ ಹೊಸ ಸ್ಮಶಾನ ತೆರೆದವನಿಗೂ ತೊಂದರೆ ಒಂದೇ. ಮೊದಲಿಗೆ ಯಾರೂ ಬರುವುದಿಲ್ಲ. ಹೆಸರಿರುವ ಒಬ್ಬರನ್ನು ಕರೆತಂದು ಕೂರಿಸಿದರೆ ಉಳಿದವರು ತಾವಾಗಿ ಬರುತ್ತಾರೆ. ಇಲ್ಲಿ ಕೂರಿಸುವ ಬದಲು ಮಲಗಿಸಬೇಕಿತ್ತು, ಅಷ್ಟೇ ವ್ಯತ್ಯಾಸ.

ಸಿಕ್ಕಿದವನು ಡೇನಿಯಲ್ ಬೂನ್. ಕೆಂಟಕಿಯ ಕಾಡಿಗೆ ದಾರಿ ಕಡಿದವನು, ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಬಂದೂಕು ಹಿಡಿದು ನಿಲ್ಲುವವನು. ಅವನೂ ರಾಜಕಾರಣಿಯಾಗಿದ್ದ ಎಂಬುದು ಆ ಪುಸ್ತಕಗಳಿಗೆ ಅಷ್ಟಾಗಿ ಮುಖ್ಯವಲ್ಲ. ಕೆಂಟಕಿ ಇನ್ನೂ ವರ್ಜೀನಿಯಾದ ಭಾಗವಾಗಿದ್ದಾಗ ಅಲ್ಲಿನ ಶಾಸನಸಭೆಗೆ ಮೂರು ಸಲ ಆರಿಸಿ ಹೋಗಿದ್ದ. 1781ರಲ್ಲಿ ಮೊದಲ ಸಲ ಹೋದಾಗ ಬ್ರಿಟಿಷ್ ಅಶ್ವದಳ ದಾಳಿಮಾಡಿ ಅವನನ್ನು ಹಿಡಿದು ಕೆಲವು ದಿನ ಇಟ್ಟುಕೊಂಡಿತ್ತು. ಶಾಸಕರಾದ ಮೇಲೆ ಕಂಬಿ ಎಣಿಸಿದವರು ಬೇಕಾದಷ್ಟಿದ್ದಾರೆ. ದೇಶದ ಶತ್ರುಗಳೇ ಹಿಡಿದರು ಎಂದು ಎದೆ ತಟ್ಟಿ ಹೇಳಬಲ್ಲವರು ಕಡಿಮೆ.

ಈ ಬೂನನಿಗೆ ಕೆಂಟಕಿ ಏನು ಮಾಡಿತು? ಅವನು ಕಾಡು ಕಡಿದು ತನ್ನದೆಂದುಕೊಂಡಿದ್ದ ಜಮೀನಿನ ಪತ್ರಗಳು ಸರಿಯಿಲ್ಲವೆಂದು ಕೋರ್ಟುಗಳು ಹೇಳಿದವು. ದಾರಿ ತೋರಿಸಿದವನು ಬೂನ್, ಆ ದಾರಿಯಲ್ಲಿ ಹಿಂದಿನಿಂದ ಬಂದವರು ವಕೀಲರು. ಒಂದೊಂದೇ ಜಮೀನು ಕೈಬಿಟ್ಟಿತು, ಮೇಲೊಂದಿಷ್ಟು ಸಾಲ ಉಳಿಯಿತು. 1798ರಲ್ಲಿ ಯಾವುದೋ ದಾವೆಗೆ ಸಾಕ್ಷಿ ಹೇಳಲು ಬರಲಿಲ್ಲವೆಂದು ಅವನ ಮೇಲೆ ವಾರಂಟು ಹೊರಟಿತು. ಅದೇ 1798ರಲ್ಲಿ ಕೆಂಟಕಿಯ ಶಾಸನಸಭೆ ಒಂದು ಜಿಲ್ಲೆಗೆ ಬೂನ್ ಕೌಂಟಿ ಎಂದು ಅವನ ಹೆಸರಿಟ್ಟು ಗೌರವಿಸಿತು. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಕೋಳ. ಎರಡೂ ಇಲಾಖೆಗಳು ಪರಸ್ಪರ ಮಾತಾಡಿಕೊಂಡಂತೆ ಕಾಣುವುದಿಲ್ಲ. ಮರುವರ್ಷ ಬೂನ್ ಗಂಟುಮೂಟೆ ಕಟ್ಟಿಕೊಂಡು ಆಗ ಸ್ಪೇನಿನ ಕೈಲಿದ್ದ ಮಿಸ್ಸೂರಿಗೆ ಹೋದ. 1820ರಲ್ಲಿ ಅಲ್ಲೇ ತೀರಿಕೊಂಡ. ಹೆಂಡತಿ ರೆಬೆಕ್ಕಾಳ ಸಮಾಧಿಯ ಬಳಿ ಅವನನ್ನೂ ಹೂಳಿದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಫ್ರಾಂಕ್‌ಫರ್ಟಿನಲ್ಲಿ ಸ್ಮಶಾನ ತೆರೆದ ಮರುವರ್ಷ ಗಣ್ಯರ ತಂಡವೊಂದು ಗುದ್ದಲಿ ಹಿಡಿದು ಮಿಸ್ಸೂರಿಗೆ ಹೊರಟಿತು. ಬದುಕಿದ್ದಾಗ ಒಂದು ಎಕರೆ ಉಳಿಸಿಕೊಡದ ರಾಜ್ಯ ಸತ್ತು 25 ವರ್ಷವಾದ ಮೇಲೆ ಆರಡಿ ಜಾಗ ಮಂಜೂರು ಮಾಡಿತ್ತು. ಪತ್ರಗಳೂ ಈ ಸಲ ಸರಿಯಾಗಿದ್ದವು. ದಂಪತಿಗಳ ಮೂಳೆಗಳೆಂದು ಸಿಕ್ಕಿದ್ದನ್ನು ಪೆಟ್ಟಿಗೆಯಲ್ಲಿ ತಂದು 1845ರ ಸೆಪ್ಟೆಂಬರ್ 13ರಂದು ದೊಡ್ಡ ಮೆರವಣಿಗೆಯಲ್ಲಿ ಗುಡ್ಡ ಹತ್ತಿಸಿದರು. ಸೆನೆಟರ್ ಜಾನ್ ಕ್ರಿಟೆಂಡನ್ ಭಾಷಣ ಮಾಡಿದ. ಹೆಗಲು ಕೊಟ್ಟವರಲ್ಲಿ ಮಾಜಿ ಉಪರಾಷ್ಟ್ರಪತಿ ರಿಚರ್ಡ್ ಜಾನ್ಸನ್ ಇದ್ದ. ಇಬ್ಬರೂ ಮುಂದೆ ಇದೇ ಗುಡ್ಡದಲ್ಲಿ ಜಾಗ ಹಿಡಿದವರು. ಸೈಟು ನೋಡಲು ಬಂದಾಗಲೇ ಮುಂಗಡ ಕೊಟ್ಟು ಹೋಗುವ ಜಾಣರು ಎಲ್ಲ ಕಾಲದಲ್ಲೂ ಇರುತ್ತಾರೆ.

ಅಷ್ಟು ಸಂಭ್ರಮದಿಂದ ತಂದ ಮೇಲೆ ಸಮಾಧಿಗೊಂದು ಕಲ್ಲು? ಅದು 1860ರಲ್ಲಿ ಬಂತು. 15 ವರ್ಷ. ಮೆರವಣಿಗೆಗೆ ಒಂದು ದಿನ ಸಾಕು, ಟೆಂಡರಿಗೆ ಒಂದೂವರೆ ದಶಕ ಬೇಕು ಎಂಬ ಆಡಳಿತ ಸೂತ್ರ ಕೆಂಟಕಿಯಲ್ಲೂ ಊರ್ಜಿತವಾಗಿದೆ. ಬೂನನ ಜೀವನದ ದೃಶ್ಯಗಳನ್ನು ಕೆತ್ತಿದ ಅಮೃತಶಿಲೆಯ ಫಲಕಗಳನ್ನು ಸಂದರ್ಶಕರು ನೆನಪಿಗೆಂದು ಚೂರು ಚೂರೇ ಒಡೆದುಕೊಂಡು ಹೋದರು. 1910ರಲ್ಲಿ ಹೊಸ ಫಲಕ ಹಾಕಬೇಕಾಯಿತು. ಅಂತೂ ಬೂನನ ಆಸ್ತಿ ಸತ್ತಮೇಲೂ ಒತ್ತುವರಿಯಾಗುವುದು ತಪ್ಪಲಿಲ್ಲ.

ಇಲ್ಲಿ ಮಿಸ್ಸೂರಿಯವರದೊಂದು ತಕರಾರು ಇದೆ. ನೀವು ಅಗೆದುಕೊಂಡು ಹೋದದ್ದು ಬೂನನನ್ನಲ್ಲ, ಪಕ್ಕದವನನ್ನು. ಹೆಂಡತಿಯ ಪಕ್ಕದ ಜಾಗದಲ್ಲಿ ಮೊದಲೇ ಬೇರೆ ಯಾರೋ ಇದ್ದರು, ಬೂನನನ್ನು ಅವಳ ಕಾಲ ದಿಕ್ಕಿನಲ್ಲಿ ಮಣ್ಣುಮಾಡಿದ್ದೆವು, ಅದನ್ನು ನಾವೂ ನಿಮಗೆ ಹೇಳಲಿಲ್ಲ ಎನ್ನುತ್ತಾರೆ. ಅವರ ಮಾರ್ಥಸ್‌ವಿಲ್ ಬಳಿಯ ಹಳೆಯ ಸ್ಮಶಾನದಲ್ಲೂ ಬೂನನ ಹೆಸರಿನ ಕಲ್ಲು ನಿಂತಿದೆ, ಅಲ್ಲಿಗೂ ಜನ ಹೋಗುತ್ತಾರೆ. ಎರಡು ಕ್ಷೇತ್ರಗಳಲ್ಲಿ ಗೆದ್ದವನು ಒಂದಕ್ಕೆ ರಾಜೀನಾಮೆ ಕೊಡಬೇಕು ಎಂಬ ನಿಯಮ ಸತ್ತವರಿಗೆ ಅನ್ವಯಿಸುವುದಿಲ್ಲ. 1845ರಲ್ಲಿ ತಲೆಬುರುಡೆಯನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದಿಟ್ಟಿದ್ದರು. 1983ರಲ್ಲಿ ಒಬ್ಬ ವಿಧಿವಿಜ್ಞಾನ ತಜ್ಞ ಆ ಅಚ್ಚನ್ನು ಪರೀಕ್ಷಿಸಿ, ಇದು ಕರಿಯ ಮನುಷ್ಯನೊಬ್ಬನ ಬುರುಡೆಯಿರಬಹುದು ಎಂದುಬಿಟ್ಟ. ಅಚ್ಚೇ ಒರಟು, ಅದನ್ನು ನಂಬಿ ಏನೂ ಹೇಳಲಾಗದು ಎಂದು ಬೇರೆಯವರು ವಾದಿಸಿದರು. ಮಿಸ್ಸೂರಿಯ ಆ ಸ್ಮಶಾನದಲ್ಲಿ ಗುಲಾಮರನ್ನೂ ಹೂಳುತ್ತಿದ್ದರು. ಅನುಮಾನ ನಿಜವಾಗಿದ್ದ ಪಕ್ಷದಲ್ಲಿ 1845ರ ಆ ದಿನ ಸೆನೆಟರು ಭಾಷಣ ಬಿಗಿದು, ಉಪರಾಷ್ಟ್ರಪತಿ ಹೆಗಲು ಕೊಟ್ಟು, ಗುಲಾಮಗಿರಿಯ ರಾಜ್ಯವೊಂದು ಇಡೀ ಊರಿಗೆ ಕಾಣುವ ಅತ್ಯುತ್ತಮ ನಿವೇಶನವನ್ನು ಒಬ್ಬ ಗುಲಾಮನಿಗೆ ಬಿಟ್ಟುಕೊಟ್ಟಂತಾಯಿತು. ಅದು ಸುಳ್ಳಾಗಲಿ ಎಂದು ಯಾರು ಹಾರೈಸುತ್ತಾರೋ ಕಾಣೆ, ನಾನಂತೂ ಅಲ್ಲ.

ಈ ಮೇಲ್ಮನೆಗೆ ಅತಿ ಅವಸರದಲ್ಲಿ ಬಂದವನು ವಿಲಿಯಂ ಗೋಬೆಲ್. ಅಮೆರಿಕದ ಇತಿಹಾಸದಲ್ಲಿ ಅಧಿಕಾರದಲ್ಲಿದ್ದಾಗ ಹತ್ಯೆಗೀಡಾದ ಏಕೈಕ ರಾಜ್ಯ ಗವರ್ನರ್. ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ಚುನಾವಣೆಗೆ ಸಂಬಂಧಿಸಿದ ಎಲ್ಲ ವಿದ್ಯೆಗಳೂ ಬಂದುಹೋಗುತ್ತವೆ.

ಗೋಬೆಲ್ ಡೆಮಾಕ್ರಟ್ ಪಕ್ಷದ ರಾಜ್ಯ ಸೆನೆಟರು, ರೈಲ್ವೆ ಕಂಪನಿಗಳ ಶತ್ರು, ಮಿತ್ರರು ಕಡಿಮೆ. 1895ರಲ್ಲಿ ಜಾನ್ ಸ್ಯಾನ್‌ಫರ್ಡ್ ಎಂಬ ಎದುರಾಳಿ ಬ್ಯಾಂಕರನ ಹೆಸರಿನ ಹಿಂದೆ, ಮನೆಮಂದಿಯ ಮುಂದೆ ಹೇಳಲಾಗದ ಒಂದು ಗುಪ್ತರೋಗವನ್ನು ಬಿರುದಿನಂತೆ ಅಂಟಿಸಿ ಪತ್ರಿಕೆಯಲ್ಲಿ ಬರೆದ. ಕೋವಿಂಗ್ಟನ್ ಪಟ್ಟಣದಲ್ಲಿ ಇಬ್ಬರೂ ಎದುರಾದರು, ಇಬ್ಬರ ಜೇಬಿನಿಂದಲೂ ಪಿಸ್ತೂಲು ಹೊರಬಂತು. ಸ್ಯಾನ್‌ಫರ್ಡನ ಗುಂಡು ಗೋಬೆಲ್ಲನ ಕೋಟು ಪ್ಯಾಂಟುಗಳನ್ನು ತೂರಿ ಹೋಯಿತು. ಗೋಬೆಲ್ಲನ ಗುಂಡು ಸ್ಯಾನ್‌ಫರ್ಡನ ತಲೆಯನ್ನು. ಇಲ್ಲೊಂದು ತೊಡಕಿದೆ. ಕೆಂಟಕಿಯಲ್ಲಿ ಅಧಿಕಾರ ಸ್ವೀಕರಿಸುವ ಪ್ರತಿಯೊಬ್ಬರೂ ತಾನು ಮಾರಕಾಸ್ತ್ರ ಹಿಡಿದು ದ್ವಂದ್ವಯುದ್ಧ ಮಾಡಿಲ್ಲವೆಂದು ಪ್ರಮಾಣ ಮಾಡಬೇಕು. ಇವತ್ತಿಗೂ ಮಾಡುತ್ತಾರೆ, ಟೈ ಕಟ್ಟಿಕೊಂಡ ವಕೀಲರು ಬೈಬಲ್ಲಿನ ಮೇಲೆ ಕೈಯಿಟ್ಟು ಗಂಭೀರವಾಗಿ. ಗೋಬೆಲ್ಲನದು ದ್ವಂದ್ವಯುದ್ಧವೆಂದು ತೀರ್ಪಾಗಿದ್ದರೆ ರಾಜಕೀಯ ಅಲ್ಲಿಗೆ ಮುಗಿಯುತ್ತಿತ್ತು. ಆತ್ಮರಕ್ಷಣೆ ಎಂದಾಯಿತು. ಕೊಲೆ ಮಾಡಿದವನು ಗವರ್ನರ್ ಆಗಬಹುದು, ನಿಯಮ ಪ್ರಕಾರ ಕೊಲೆ ಮಾಡಿದವನು ಆಗಬಾರದು, ಇಷ್ಟೇ.

1898ರಲ್ಲಿ ಗೋಬೆಲ್ ತನ್ನದೇ ಹೆಸರಿನಿಂದ ಖ್ಯಾತವಾದ ಚುನಾವಣಾ ಕಾಯ್ದೆ ತಂದ. ಮತಗಳ ವಿವಾದ ತೀರ್ಮಾನಿಸಲು ಮೂವರ ಮಂಡಳಿ, ಅವರನ್ನು ನೇಮಿಸುವುದು ಶಾಸನಸಭೆ, ಶಾಸನಸಭೆಯಲ್ಲಿ ಬಹುಮತ ಯಾರದೆಂದು ಹೇಳಬೇಕಿಲ್ಲ. ಮರುವರ್ಷ ತಾನೇ ಗವರ್ನರ್ ಹುದ್ದೆಗೆ ನಿಂತ. ರಿಪಬ್ಲಿಕನ್ ಎದುರಾಳಿ ವಿಲಿಯಂ ಟೇಲರ್‌ಗೆ 2,383 ಮತ ಹೆಚ್ಚು ಬಿತ್ತು. ಎಲ್ಲರೂ ಮಂಡಳಿಯತ್ತ ನೋಡಿದರು. ತಾನೇ ಕೂರಿಸಿದ ಮಂಡಳಿ ಎರಡು ಮತ ಒಂದು ಮತದಿಂದ ಗೋಬೆಲ್ ಸೋತಿದ್ದಾನೆಂದು ಘೋಷಿಸಿತು. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಎನ್ನುವುದುಂಟು. ಇಲ್ಲಿ ಸಾಕಿದ ಹದ್ದು ಗಿಣಿಯಾಗಿ ನಿಜ ನುಡಿಯಿತು. ಯಾವ ರಾಜಕಾರಣಿಗೂ ಇದಕ್ಕಿಂತ ದೊಡ್ಡ ದ್ರೋಹ ಆಗಿರಲಾರದು.

ಟೇಲರ್ ಅಧಿಕಾರ ವಹಿಸಿಕೊಂಡ. ಗೋಬೆಲ್ ಕಡೆಯವರು ಶಾಸನಸಭೆಗೆ ದೂರು ಕೊಟ್ಟರು. ವಿಚಾರಣೆಗೆ 11 ಜನರ ಸಮಿತಿ, ಸದಸ್ಯರನ್ನು ಚೀಟಿ ಎತ್ತಿ ಆರಿಸಬೇಕು. ಎತ್ತಿದ ಚೀಟಿಗಳಲ್ಲಿ ಬಂದ ರಿಪಬ್ಲಿಕನ್ ಒಬ್ಬನೇ. ಅದೃಷ್ಟಕ್ಕೂ ಪಕ್ಷನಿಷ್ಠೆ ಇರುತ್ತದೆ. ಬೆಟ್ಟದ ಕಡೆಯಿಂದ ಬಂದೂಕುಧಾರಿ ರಿಪಬ್ಲಿಕನ್ನರು ರೈಲು ತುಂಬಿಕೊಂಡು ಊರಿಗಿಳಿದರು. 1900ರ ಜನವರಿ 30ರ ಬೆಳಗ್ಗೆ ಶಾಸನಸಭೆಗೆ ನಡೆದುಹೋಗುತ್ತಿದ್ದ ಗೋಬೆಲ್ಲನ ಎದೆಗೆ ಪಕ್ಕದ ಸರ್ಕಾರಿ ಕಟ್ಟಡದ ಕಡೆಯಿಂದ ಗುಂಡು ಬಿತ್ತು.

ಗವರ್ನರ್ ಟೇಲರ್ ಸೈನಿಕರನ್ನು ಕರೆಸಿ, ಶಾಸನಸಭೆಯ ಅಧಿವೇಶನವನ್ನು ತನ್ನ ಪಕ್ಷದ ಭದ್ರಕೋಟೆಯಾದ ಲಂಡನ್ ಎಂಬ ಊರಿಗೆ ಸ್ಥಳಾಂತರಿಸಿದ. ಇದು ಕೆಂಟಕಿಯ ಲಂಡನ್. ರಿಪಬ್ಲಿಕನ್ ಶಾಸಕರು ಅಲ್ಲಿಗೆ ಹೊರಟರು. ಡೆಮಾಕ್ರಟ್ ಶಾಸಕರು ಸಭಾಭವನಕ್ಕೆ ಹೋದರೆ ಬಾಗಿಲಲ್ಲಿ ಸೈನಿಕರು. ಕೊನೆಗೆ ಹೋಟೆಲೊಂದರಲ್ಲಿ ಗುಟ್ಟಾಗಿ ಸೇರಿದರು, ಬೇಡವಾದ ಮತಗಳನ್ನು ರದ್ದುಮಾಡಿದರು, ಗೋಬೆಲ್ಲನೇ ಗವರ್ನರ್ ಎಂದು ನಿರ್ಣಯ ಬರೆದರು. ಶಾಸಕರನ್ನು ಹೋಟೆಲಿನಲ್ಲಿಟ್ಟು ಸರ್ಕಾರ ಬದಲಿಸುವುದನ್ನು ತಾವೇ ಕಂಡುಹಿಡಿದೆವೆಂದು ಬೀಗುವವರು ಎಲ್ಲಾದರೂ ಇದ್ದರೆ ಈ ದಿನಾಂಕವನ್ನು ಗಮನಿಸಬೇಕು. ಸಾಯುತ್ತಿದ್ದವನ ಹಾಸಿಗೆಯ ಪಕ್ಕ ನಿಂತು ಮುಖ್ಯ ನ್ಯಾಯಮೂರ್ತಿ ಪ್ರಮಾಣವಚನ ಬೋಧಿಸಿದರು. ಗೋಬೆಲ್ ಸೈನಿಕರು ಹಿಂದಿರುಗಬೇಕೆಂಬ ಆಜ್ಞೆಗೆ ಸಹಿ ಹಾಕಿದ. ಫೆಬ್ರವರಿ 3ರಂದು ಕಣ್ಣು ಮುಚ್ಚಿದ. ಅಷ್ಟು ದಿನ ಕೆಂಟಕಿಗೆ ಇಬ್ಬರು ಗವರ್ನರುಗಳಿದ್ದರು: ಒಬ್ಬ ಕಚೇರಿಯಲ್ಲಿ, ಒಬ್ಬ ಹಾಸಿಗೆಯಲ್ಲಿ. ಯಾರು ಹೆಚ್ಚು ಕೆಲಸ ಮಾಡಿದರೆಂದು ಹೇಳುವುದು ಕಷ್ಟ.

ಇನ್ನು ಕೊನೆಯ ಮಾತು. ಧೈರ್ಯದಿಂದಿರಿ, ಅಂಜಬೇಡಿ, ಜನಸಾಮಾನ್ಯರಿಗೆ ನಿಷ್ಠರಾಗಿರಿ ಎಂದು ಗೆಳೆಯರಿಗೆ ಸಂದೇಶ ಕೊಟ್ಟು ಗೋಬೆಲ್ ಪ್ರಾಣ ಬಿಟ್ಟನೆಂದು ಪಕ್ಷದವರು ಪ್ರಕಟಿಸಿದರು. ಇರ್ವಿನ್ ಕಾಬ್ ಎಂಬ ಪತ್ರಕರ್ತ ಬೇರೆಯದನ್ನೇ ಬರೆದಿಟ್ಟ. ಕೊನೆಗೆ ಒಂದಿಷ್ಟು ಆಯ್ಸ್ಟರ್ ಸಿಂಪಿ ತಿಂದ ಗೋಬೆಲ್, ಡಾಕ್ಟರೇ, ಆ ಒಂದು ಸಿಂಪಿ ದರಿದ್ರದ್ದಾಗಿತ್ತು ಎಂದನಂತೆ. ನಿಜ ಯಾವುದೆಂದು ಗೋಬೆಲ್ಲನಿಗೇ ಗೊತ್ತು. ಆದರೆ ಎದೆಯಲ್ಲಿ ಗುಂಡು ಹೊಕ್ಕವನೊಬ್ಬ ನಾಲಗೆಯ ರುಚಿಯ ಬಗ್ಗೆ ಗೊಣಗುವುದು ಸಹಜ, ಪತ್ರಿಕಾ ಪ್ರಕಟಣೆ ಹೊರಡಿಸುವುದು ಅಸಹಜ ಎಂದು ನನ್ನ ಅಂಬೋಣ. ಸಿಂಪಿಯನ್ನು ಕಲ್ಲಿನ ಮೇಲೆ ಕೊರೆಸಲು ಬರುವುದಿಲ್ಲ, ಅದೊಂದೇ ಅದರ ದೋಷ.

ಕೊಂದವರಾರು? ಇಂದಿಗೂ ಖಚಿತವಾಗಿಲ್ಲ. ಟೇಲರ್ ಗಡಿ ದಾಟಿ ಇಂಡಿಯಾನಾಗೆ ಓಡಿ ಅಲ್ಲೇ ನೆಲೆಸಿದ, ಹಾಗಾಗಿ ಗುಡ್ಡದಲ್ಲಿ ಅವನಿಗೆ ಜಾಗವಿಲ್ಲ. ಅವನ ರಾಜ್ಯ ಕಾರ್ಯದರ್ಶಿ ಕೇಲಬ್ ಪವರ್ಸ್ ಸಂಚಿನ ಆರೋಪದ ಮೇಲೆ 8 ವರ್ಷ ಜೈಲಿನಲ್ಲಿದ್ದು, ನಾಲ್ಕು ಸಲ ವಿಚಾರಣೆ ಎದುರಿಸಿ, 1908ರಲ್ಲಿ ರಿಪಬ್ಲಿಕನ್ ಗವರ್ನರನಿಂದ ಕ್ಷಮೆ ಪಡೆದ. ಆಮೇಲೆ ಸಂಸತ್ತಿಗೆ ಆರಿಸಿಹೋಗಿ 1911ರಿಂದ 1919ರವರೆಗೆ 8 ವರ್ಷ ಕೂತ. ಜನ ಬಡ್ಡಿ ಹಾಕದೆ ಅಸಲಷ್ಟೇ ತೀರಿಸಿದರು. ಗೋಬೆಲ್ಲನ ಜಾಗಕ್ಕೆ ಬಂದ ಬೆಕಮ್ ಎಂಬ 30ರ ತರುಣ ಕೂಡ ಕಾಲಕ್ರಮದಲ್ಲಿ ಇದೇ ಗುಡ್ಡಕ್ಕೆ ಬಂದ.

ರಾಯಭಾರಿಗಳ ಪಂಕ್ತಿಯನ್ನು ಬೇಗ ದಾಟಬಹುದು. ಅವರೂ ದಾಟಿಕೊಂಡೇ ಹೋದವರು. ರಾಬರ್ಟ್ ಲೆಚರ್ ಗವರ್ನರನಾಗಿದ್ದು 1849ರಲ್ಲಿ ಮೆಕ್ಸಿಕೋಗೆ ರಾಯಭಾರಿಯಾಗಿ ಹೋದವನು. ತೆವಾಂತೆಪೆಕ್ ಭೂಸಂಧಿಯಲ್ಲಿ ಅಮೆರಿಕಕ್ಕೆ ದಾರಿ ಬೇಕೆಂದು ಒಪ್ಪಂದ ಕುದುರಿಸಿದ, ಮೆಕ್ಸಿಕೋ ಸಂಸತ್ತು ಅದನ್ನು ತಳ್ಳಿಹಾಕಿತು. ಮೆಕ್ಸಿಕೋದ ಅರ್ಧ ನೆಲ ನುಂಗಿ ವರ್ಷವೆರಡೂ ಸರಿಯಾಗಿ ಕಳೆಯದೆ ಇನ್ನಷ್ಟು ದಾರಿ ಕೇಳಲು ಹೋದವನಿಗೆ ಅವರು ಕುರ್ಚಿ ಹಾಕಿದ್ದೇ ದೊಡ್ಡದು. ಅವನ ನಿಜವಾದ ರಾಜತಾಂತ್ರಿಕ ಕೆಲಸ ಮೊದಲೇ ಮುಗಿದಿತ್ತು. 1824ರ ಅಧ್ಯಕ್ಷೀಯ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ ತೀರ್ಮಾನ ಸಂಸತ್ತಿಗೆ ಬಂದಾಗ ಜಾನ್ ಕ್ವಿನ್ಸಿ ಆಡಮ್ಸ್ ಮತ್ತು ಹೆನ್ರಿ ಕ್ಲೇ ನಡುವೆ ಸುದ್ದಿ ಸಾಗಿಸಿದ ದೂತ ಈತ. ಆಡಮ್ಸ್‌ಗೆ ಕೆಂಟಕಿಯಲ್ಲಿ ಒಬ್ಬ ಮತದಾರನ ಮತವೂ ಬಿದ್ದಿರಲಿಲ್ಲ. ಆದರೂ ಕೆಂಟಕಿಯ ಪ್ರತಿನಿಧಿಗಳು 8–4ರಲ್ಲಿ ಆಡಮ್ಸ್‌ಗೇ ಕೈಯೆತ್ತಿದರು. ಆಡಮ್ಸ್ ಅಧ್ಯಕ್ಷ, ಕ್ಲೇ ವಿದೇಶಾಂಗ ಸಚಿವ. ಲೆಚರ್ ಪಿಟೀಲು ಚೆನ್ನಾಗಿ ನುಡಿಸುತ್ತಿದ್ದನಂತೆ. ಶ್ರುತಿ ಕೂಡಿಸುವುದು ಅವನಿಗೆ ಹೇಳಿಕೊಡಬೇಕಿರಲಿಲ್ಲ.

ಹಂಫ್ರಿ ಮಾರ್ಷಲ್ 1852ರಿಂದ ಎರಡು ವರ್ಷ ಚೀನಾದಲ್ಲಿ ಅಮೆರಿಕದ ಪ್ರತಿನಿಧಿ. ಅಲ್ಲಿ ತೈಪಿಂಗ್ ದಂಗೆ ಹೊತ್ತಿ ಉರಿಯುತ್ತಿತ್ತು. ಶಾಂಘೈಯಲ್ಲಿರುವ ಅಮೆರಿಕನ್ನರ ರಕ್ಷಣೆಗೆ ಹಡಗು ಕೊಡಿ ಎಂದು ಕಮಡೋರ್ ಪೆರ್ರಿಯನ್ನು ಕೇಳಿದ. ಪೆರ್ರಿಗೆ ಜಪಾನಿನ ಬಾಗಿಲು ಬಡಿಯುವ ತುರ್ತು. ಪೆರ್ರಿ ಇತಿಹಾಸಕ್ಕೆ ಹೋದ, ಮಾರ್ಷಲ್ ದೂರಿನ ಪತ್ರಗಳನ್ನು ಬರೆಯುತ್ತ ಕೂತ. ಊರಿಗೆ ಬಂದು ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆ ಜನರಲ್ ಆದ. ಆಳು ಭಾರೀ, 300 ಪೌಂಡಿಗೂ ಮೇಲೆ. ಕೆಂಟಕಿಯ ಬೆಟ್ಟದಲ್ಲಿ ಅವನನ್ನು ಹಿಮ್ಮೆಟ್ಟಿಸಿದ ಗಾರ್‌ಫೀಲ್ಡ್ ಎಂಬ ತರುಣ ಮುಂದೆ ಅಮೆರಿಕದ ಅಧ್ಯಕ್ಷನಾದ. ಎದುರಾದವರನ್ನೆಲ್ಲ ದೊಡ್ಡವರನ್ನಾಗಿ ಮಾಡುವ ಕೈಗುಣ ಮಾರ್ಷಲ್‌ನದು.

ಬೂನನಿಗೆ ಚರಮಭಾಷಣ ಮಾಡಿದ ಕ್ರಿಟೆಂಡನ್ ಕೂಡ ಇಲ್ಲೇ ಇದ್ದಾನೆ. ಅಂತರ್ಯುದ್ಧ ತಪ್ಪಿಸಲು 1860ರಲ್ಲಿ ರಾಜಿಸೂತ್ರ ಹೊಸೆದ ಹಿರಿಯ. ಸೂತ್ರದ ಸಾರ ಇಷ್ಟು: ದಕ್ಷಿಣದಲ್ಲಿ ಗುಲಾಮಗಿರಿಗೆ ಸಂವಿಧಾನದಲ್ಲೇ ಶಾಶ್ವತ ರಕ್ಷೆ ಕೊಟ್ಟುಬಿಡೋಣ, ಜಗಳ ಬೇಡ. ಯಾರ ಬೆನ್ನ ಮೇಲೆ ರಾಜಿಯಾಗಬೇಕಿತ್ತೋ ಅವರನ್ನು ಯಾರೂ ಕೇಳಲಿಲ್ಲ. ದೇಶ ಒಪ್ಪಲಿಲ್ಲ, ಮನೆಯಲ್ಲೂ ಒಪ್ಪಲಿಲ್ಲ. ಹಿರಿಮಗ ಜಾರ್ಜ್ ದಕ್ಷಿಣದ ಜನರಲ್ ಆದ, ಹಿಂದೆ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ತಮ್ಮ ಥಾಮಸ್ ಉತ್ತರದ ಜನರಲ್ ಆದ. ಒಂದೇ ಮನೆಯಲ್ಲಿ ಎರಡು ಪಕ್ಷವಿದ್ದರೆ ಯಾವ ಸರ್ಕಾರ ಬಂದರೂ ಮನೆಗೆ ನಷ್ಟವಿಲ್ಲ ಎಂಬ ಲೆಕ್ಕ ಇಲ್ಲಿ ತಪ್ಪಿತು: ಒಬ್ಬ ಮಿಲ್ ಸ್ಪ್ರಿಂಗ್ಸ್‌ನಲ್ಲಿ, ಇನ್ನೊಬ್ಬ ಚಿಕಮಾಗದಲ್ಲಿ, ಇಬ್ಬರೂ ಸೋತು ಹುದ್ದೆ ಕಳೆದುಕೊಂಡರು. ಅಪ್ಪ ಮಕ್ಕಳು ಮೂವರೂ ಈಗ ಒಂದೇ ಗುಡ್ಡದಲ್ಲಿ. ರಾಜಿ ಕೊನೆಗೂ ಆಯಿತು.

ಈ ಗುಡ್ಡದಲ್ಲಿ ಇರಬೇಕಾಗಿದ್ದು ಇಲ್ಲದವನೊಬ್ಬನ ನೆನಪೂ ಆಗುತ್ತದೆ. ಫ್ರಾಂಕ್‌ಫರ್ಟಿನ ಜೇಮ್ಸ್ ಟೇಟ್ 20 ವರ್ಷ ರಾಜ್ಯದ ಖಜಾಂಚಿ. ಜನ ಪ್ರೀತಿಯಿಂದ ಇಟ್ಟ ಹೆಸರು ಪ್ರಾಮಾಣಿಕ ಡಿಕ್. 1888ರ ಮಾರ್ಚಿನಲ್ಲಿ ಖಜಾನೆಯ ಚಿನ್ನ ಬೆಳ್ಳಿ ನಾಣ್ಯಗಳನ್ನು ಎರಡು ಚೀಲಗಳಿಗೆ ತುಂಬಿಕೊಂಡು ರೈಲು ಹತ್ತಿದವನು ಮತ್ತೆ ಬರಲಿಲ್ಲ. ಲೆಕ್ಕ ಹಾಕಿದಾಗ ಸುಮಾರು ಎರಡೂವರೆ ಲಕ್ಷ ಡಾಲರ್ ಮಾಯ. ಮಗಳಿಗೆ ಕೆನಡಾ, ಜಪಾನ್, ಚೀನಾಗಳಿಂದ ಕಾಗದ ಬಂದವಂತೆ. ರಾಯಭಾರಿಗಳಿಗಿಂತ ಹೆಚ್ಚು ದೇಶ ನೋಡಿದ, ಖರ್ಚು ಮಾತ್ರ ಇವರಂತೆಯೇ ರಾಜ್ಯದ್ದು. ಅವನ ಸಮಾಧಿ ಎಲ್ಲಿದೆಯೋ ತಿಳಿಯದು. ಸ್ಮಾರಕವೊಂದನ್ನು ಬಿಟ್ಟುಹೋದ: 1891ರ ಸಂವಿಧಾನದಲ್ಲಿ, ರಾಜ್ಯದ ಹುದ್ದೆಗಳಲ್ಲಿ ಯಾರೂ ಬೆನ್ನುಬೆನ್ನಿಗೆ ಎರಡು ಅವಧಿ ಕೂರುವಂತಿಲ್ಲ ಎಂಬ ಕಲಮು. ಒಂದು ಶತಮಾನ ಅದನ್ನು ಸಹಿಸಿಕೊಂಡು 1992ರಲ್ಲಿ ತಿದ್ದುಪಡಿ ಮಾಡಿ ಎರಡು ಅವಧಿಗೆ ಏರಿಸಿಕೊಂಡರು. ಬೂನನ ಫಲಕದಂತೆ ಟೇಟನ ಸ್ಮಾರಕವನ್ನೂ ಒಡೆದುಕೊಂಡರು.

ಇನ್ನು ರಿಚರ್ಡ್ ಜಾನ್ಸನ್. ಬೂನನಿಗೆ ಹೆಗಲು ಕೊಟ್ಟವನು.

1813ರಲ್ಲಿ ಬ್ರಿಟಿಷರ ವಿರುದ್ಧದ ಥೇಮ್ಸ್ ಕದನದಲ್ಲಿ ಶಾವ್ನೀ ಬುಡಕಟ್ಟಿನ ಮಹಾನಾಯಕ ಟೆಕುಮ್ಸೆ ಸತ್ತ. ಕೊಂದವನು ಜಾನ್ಸನ್ ಎಂಬ ಸುದ್ದಿ ಹುಟ್ಟಿತು. ನೋಡಿದೆ ಎಂದವರ ಮಾತು ಒಂದಕ್ಕೊಂದು ತಾಳೆಯಾಗಲಿಲ್ಲ, ಹೆಣ ಎಲ್ಲಿ ಹೋಯಿತೆಂಬುದೂ ಗೊತ್ತಾಗಲಿಲ್ಲ. ಜಾನ್ಸನ್ ಒಂದು ಗುಂಡನ್ನು 30 ವರ್ಷ ಹಾರಿಸುತ್ತಲೇ ಇದ್ದ. ಚುನಾವಣೆಗೊಮ್ಮೆ ಟೆಕುಮ್ಸೆ ಸಾಯಲೇಬೇಕಿತ್ತು. ಅಷ್ಟು ಸಲ ಕೊಂದರೂ ಸಾಲದೆಂದು ಗುಡ್ಡದ ಮೇಲಿನ ಅವನ ಸ್ಮಾರಕದಲ್ಲೂ ಕುದುರೆ ಮೇಲೆ ಕೂತ ಜಾನ್ಸನ್, ಟೆಕುಮ್ಸೆಯನ್ನು ಹೊಡೆಯುತ್ತಿರುವ ಚಿತ್ರ ಕೆತ್ತಿದ್ದಾರೆ. ಟೆಕುಮ್ಸೆಗೆ ತನ್ನದೇ ಸಮಾಧಿ ಇಲ್ಲ, ಕೊಂದವನ ಸಮಾಧಿಯಲ್ಲಿ ಪಾಲಿದೆ.

ಮನುಷ್ಯ ಮಾತ್ರ ಮಜಾ. ಭೂಮಿ ಒಳಗೆ ಟೊಳ್ಳು, ಧ್ರುವದಲ್ಲಿ ಬಾಯಿದೆ, ಇಳಿದು ನೋಡೋಣ ಎನ್ನುತ್ತಿದ್ದ ಸಿಮ್ಸ್ ಎಂಬವನ ಅರ್ಜಿಯನ್ನು 1822ರಲ್ಲಿ ಸಂಸತ್ತಿನ ಮುಂದಿಟ್ಟವನು ಈತ. ಸಂಸತ್ತು ಹಣ ಕೊಡಲಿಲ್ಲ. 1836ರಲ್ಲಿ ಉಪರಾಷ್ಟ್ರಪತಿ ಹುದ್ದೆಗೆ ನಿಂತಾಗ 148 ಮತ ಬೇಕಿದ್ದಲ್ಲಿ 147 ಬಂತು. ಸ್ವಂತ ಪಕ್ಷದ ವರ್ಜೀನಿಯಾದ 23 ಮತದಾರ ಪ್ರತಿನಿಧಿಗಳು ಕೈಕೊಟ್ಟಿದ್ದರು. ಕೊನೆಗೆ ಸೆನೆಟ್ 33–16ರಲ್ಲಿ ಅವನನ್ನು ಆರಿಸಿತು. ಹಾಗೆ ಆಯ್ಕೆಯಾದ ಉಪರಾಷ್ಟ್ರಪತಿ ಇವತ್ತಿಗೂ ಅವನೊಬ್ಬನೇ. ಹುದ್ದೆಯಲ್ಲಿ ಮಾಡಲು ಕೆಲಸವಿಲ್ಲವೆಂದು ಕಂಡು 1839ರಲ್ಲಿ ಊರಿಗೆ ಹೋಗಿ ತನ್ನ ಹೋಟೆಲು ನೋಡಿಕೊಂಡ. ದೇಶದ ಎರಡನೇ ಪ್ರಜೆ ಕೋಳಿ ಮೊಟ್ಟೆ ಖರೀದಿ, ಕಲ್ಲಂಗಡಿ ಮಾರಾಟಗಳ ಮೇಲ್ವಿಚಾರಣೆಯಲ್ಲಿದ್ದಾನೆ ಎಂದು ನೋಡಿದವರು ವಾಷಿಂಗ್ಟನ್ನಿಗೆ ಬರೆದರು. ಸಾರ್ವಜನಿಕರಿಗೆ ಅವನಿಂದಾದ ನೇರ ಪ್ರಯೋಜನ ಅದೇ ಇರಬಹುದು.

ವರ್ಜೀನಿಯಾದವರು ಕೈಕೊಟ್ಟದ್ದು ಯಾಕೆ? ಭೂಮಿಯ ಟೊಳ್ಳಿಗೆ ಅಲ್ಲ, ಟೆಕುಮ್ಸೆಯ ಸುಳ್ಳಿಗೂ ಅಲ್ಲ. ಜೂಲಿಯಾ ಚಿನ್ ಎಂಬಾಕೆಯ ಕಾರಣಕ್ಕೆ. ಕಾನೂನಿನ ಲೆಕ್ಕದಲ್ಲಿ ಜೂಲಿಯಾ ಅವನ ಗುಲಾಮಳು. ಮನೆಯ ಲೆಕ್ಕದಲ್ಲಿ ಹೆಂಡತಿ. ಅವನು ವಾಷಿಂಗ್ಟನ್ನಿನಲ್ಲಿದ್ದಾಗ ಜಮೀನು, ಮನೆ, ವ್ಯವಹಾರ ನೋಡಿಕೊಂಡವಳು ಆಕೆ. ಇಬ್ಬರು ಹೆಣ್ಣುಮಕ್ಕಳು, ಅಡಲೀನ್ ಮತ್ತು ಇಮೋಜಿನ್. ಅವರಿಗೆ ಅಪ್ಪನ ಹೆಸರಿತ್ತು, ಓದು ಕಲಿಸಿದ್ದ, ಆಸ್ತಿ ಬರೆದುಕೊಟ್ಟಿದ್ದ. ಗುಲಾಮ ಹೆಂಗಸರಿಂದ ಮಕ್ಕಳನ್ನು ಪಡೆದ ಮಹನೀಯರು ಆ ಸಂಸತ್ತಿನಲ್ಲಿ ಇನ್ನೂ ಇದ್ದರು. ಅವರು ಆ ಮಕ್ಕಳನ್ನು ತಮ್ಮ ಆಸ್ತಿಯ ಪಟ್ಟಿಯಲ್ಲಿ ಬರೆಯುತ್ತಿದ್ದರು, ಮನೆಯ ಪಟ್ಟಿಯಲ್ಲಲ್ಲ. ಅದು ಸಭ್ಯತೆ. ಜಾನ್ಸನ್ ಬಚ್ಚಿಡಲಿಲ್ಲ, ಅದು ಹಗರಣ. ಹಾಗೆಂದು ಅವನನ್ನು ಹೊಗಳಲೂ ಬಾಯಿ ಬರುವುದಿಲ್ಲ. ಇಷ್ಟೆಲ್ಲ ಮಾಡಿದವನು ಜೂಲಿಯಾಗೆ ಬಿಡುಗಡೆಯ ಒಂದು ಕಾಗದ ಬರೆಯಲಿಲ್ಲ. 1833ರ ಕಾಲರಾದಲ್ಲಿ ಆಕೆ ಸತ್ತದ್ದು ಗುಲಾಮಳಾಗಿಯೇ. ಎಲ್ಲಿ ಹೂಳಿದರೆಂಬ ಗುರುತು ಉಳಿದಿಲ್ಲ. ಅಮೃತಾ ಚಕ್ರಬರ್ತಿ ಮೈಯರ್ಸ್ ಎಂಬ ಇತಿಹಾಸಕಾರ್ತಿ 2023ರಲ್ಲಿ ಆಕೆಯ ಬದುಕಿನ ಮೇಲೆ ಇಡೀ ಪುಸ್ತಕವನ್ನೇ ತಂದರು. ಕಲ್ಲಿಲ್ಲದವಳಿಗೆ ಕಾಗದವಾದರೂ ಸಿಕ್ಕಿತು, 190 ವರ್ಷ ತಡವಾಗಿ.

ಜಾನ್ಸನ್ 1850ರಲ್ಲಿ ಮತ್ತೆ ಕೆಂಟಕಿ ಶಾಸನಸಭೆಗೆ ಆರಿಸಿಬಂದ. ಬುದ್ಧಿ ಮೈ ಎರಡೂ ಸೋತಿದ್ದರೂ ಕುರ್ಚಿಯಲ್ಲಿ ಬಂದು ಕೂತ. ನವೆಂಬರ್ 19ರಂದು ಫ್ರಾಂಕ್‌ಫರ್ಟಿನಲ್ಲೇ ತೀರಿಕೊಂಡ. ಸಕಲ ಗೌರವಗಳೊಂದಿಗೆ ಗುಡ್ಡ ಹತ್ತಿಸಿದರು.

ಆಸ್ತಿ ಯಾರಿಗೆ ಎಂಬ ಪ್ರಶ್ನೆ ಫಯೆಟ್ ಕೌಂಟಿಯ ಕೋರ್ಟಿನ ಮುಂದೆ ಬಂತು. ಮೃತರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ತಂದೆ ತಾಯಿ ಬದುಕಿಲ್ಲ ಎಂದು ಕೋರ್ಟು ದಾಖಲಿಸಿ, ಇದ್ದದ್ದನ್ನು ತಮ್ಮಂದಿರಿಗೆ ಹಂಚಿತು. ಅಡಲೀನ್ 1836ರಲ್ಲೇ ತೀರಿಕೊಂಡಿದ್ದಳು. ಇಮೋಜಿನ್ ಆಗ ಪಕ್ಕದ ಸ್ಕಾಟ್ ಕೌಂಟಿಯಲ್ಲಿ, ಅಪ್ಪ ಬರೆದುಕೊಟ್ಟ ಜಮೀನಿನಲ್ಲಿ, ಗಂಡ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿದ್ದಳು.